ಹಳಸಿದ ಊಟದ ವರದಿಗಾರ

ಗುರುಪ್ರಸಾದ ಪತ್ರಿಕೋದ್ಯಮ ಕಲಿಯುವುದಕ್ಕೆ ಮೊದಲೇ ಪತ್ರಕರ್ತನ ಗತ್ತನ್ನು ಕಲಿತುಬಿಟ್ಟಿದ್ದ. ಛತ್ರಪತಿ ಸಂಭಾಜಿನಗರದ ಕಾಲೇಜಿಗೆ ಸೇರಿದ ಎರಡನೇ ವಾರದಲ್ಲೇ ಜೆರಾಕ್ಸ್ ಅಂಗಡಿಯೊಂದರಲ್ಲಿ ಗುರುತಿನ ಚೀಟಿ ಮಾಡಿಸಿ ಕೊರಳಿಗೆ ನೇತುಹಾಕಿಕೊಂಡ. ಅದರ ಮೇಲೆ ‘ಪ್ರೆಸ್’ ಎಂದು ಎಷ್ಟು ದಪ್ಪಕ್ಕೆ ಬರೆಸಿದ್ದನೆಂದರೆ, ಕೆಳಗೆ ಅವನ ಹೆಸರಿಗೆ ಜಾಗ ಸಾಲದೆ ‘ಗುರುಪ್ರ’ ಎಂದಷ್ಟೇ ಉಳಿದಿತ್ತು. ಹಾಸ್ಟೆಲಿನ ಹುಡುಗರು ಮುಂದೆ ಮೂರು ವರ್ಷ ಅವನನ್ನು ಹಾಗೇ ಕರೆದರು.

ಊರಲ್ಲಿ ಆದದ್ದು ಇನ್ನೂ ಚೆನ್ನಾಗಿತ್ತು. ಅವನ ತಂದೆ ವೈಜನಾಥ ಬೀದರ್ ಜಿಲ್ಲೆಯ ಭಾಲ್ಕಿಯಿಂದ ನಾಸಿಕ್ ರೋಡಿಗೆ ಬಂದು ನೋಟು ಅಚ್ಚಾಗುವ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ದುಡಿದವರು. ಆ ಓಣಿಯಲ್ಲಿ ಪ್ರೆಸ್ ಎಂದರೆ ಅದೊಂದೇ. ವೈಜನಾಥರ ಮಗ ಪ್ರೆಸ್ಸಿಗೆ ಹೋಗುತ್ತಾನಂತೆ ಎಂಬ ಸುದ್ದಿ ಹಬ್ಬಿ ನಾಲ್ಕು ಮನೆಯವರು ಪೇಢೆ ಕೇಳಲು ಬಂದರು. “ಆ ಪ್ರೆಸ್ ಅಲ್ಲರಿ, ಬರಿಯೋ ಪ್ರೆಸ್” ಎಂದು ತಾಯಿ ರುಕ್ಮಿಣಿಬಾಯಿ ಬಿಡಿಸಿ ಹೇಳಿದಾಗ ಬಂದವರ ಮುಖದ ಮೇಲೆ ಮೂಡಿದ ಕನಿಕರವನ್ನು ಗುರುಪ್ರಸಾದ ಇಂದಿಗೂ ಮರೆತಿಲ್ಲ. ಈಗ ಅವನು ಈ ಕತೆಯನ್ನು ತಾನೇ ಹೇಳಿಕೊಂಡು ನಗುತ್ತಾನೆ. ಆಗ ನಗು ಬಂದಿರಲಿಲ್ಲ.

ವರದಿಗಾರಿಕೆ ಕಲಿಸುತ್ತಿದ್ದವರು ಖರಾತ್ ಮೇಡಂ. ಇಪ್ಪತ್ತು ವರ್ಷ ಮರಾಠಿ ಪತ್ರಿಕೆಗಳಲ್ಲಿ ಕೆಲಸ ಮಾಡಿ, ಕೂಗಾಡಿ ಸಾಕಾಗಿ, ಕಾಲೇಜಿಗೆ ಬಂದಿದ್ದರು. ಮೊದಲ ದೀಪಾವಳಿ ರಜೆಯಲ್ಲಿ, ನಿಮ್ಮ ಊರಿನದೊಂದು ಸುದ್ದಿ ಬರೆದುಕೊಂಡು ಬನ್ನಿ ಎಂದಿದ್ದರು. ಗುರುಪ್ರಸಾದ ಪಂಚವಟಿಗೆ ಹೋಗಿ ಗೋದಾವರಿಯ ದಂಡೆಯ ಮೇಲೆ ಒಂದು ಮುಂಜಾನೆ ಪೂರ್ತಿ ಕೂತು, ನಾಲ್ಕು ಪುಟ ಬರೆದು ತಂದ. ಮೇಡಂ ಓದಿ ಮುಗಿಸಿ ಕನ್ನಡಕ ತೆಗೆದರು.

“ಸರಿ, ಅಲ್ಲಿ ಏನಾಯಿತು?”

“ಏನೂ ಆಗಲಿಲ್ಲ ಮೇಡಂ. ಆದರೆ ಅಲ್ಲಿನ ವಾತಾವರಣ…”

“ವಾತಾವರಣಕ್ಕೆ ಹವಾಮಾನ ಇಲಾಖೆ ಇದೆ. ನೀನು ಯಾರನ್ನು ಮಾತಾಡಿಸಿದೆ?”

ಯಾರನ್ನೂ ಮಾತಾಡಿಸಿರಲಿಲ್ಲ. ಪುರೋಹಿತರು, ಹೂವಿನವರು, ರಿಕ್ಷಾದವರು ಎಲ್ಲರೂ ಅವನ ನಾಲ್ಕು ಪುಟಗಳಲ್ಲಿ ಓಡಾಡಿದ್ದರು, ಒಬ್ಬರ ಬಾಯಿಂದಲೂ ಒಂದು ಮಾತು ಹೊರಟಿರಲಿಲ್ಲ. ಅಪರಿಚಿತರ ಹತ್ತಿರ ಹೋಗಿ ಮಾತು ತೆಗೆಯುವುದೆಂದರೆ ಅವನಿಗೆ ಬೆವರು ಬರುತ್ತಿತ್ತು. ಇದೊಂದನ್ನು ಬಿಟ್ಟರೆ ಪತ್ರಕರ್ತನಾಗಲು ಬೇಕಾದ ಎಲ್ಲ ಗುಣಗಳೂ ತನ್ನಲ್ಲಿವೆ ಎಂದು ಅವನು ನಂಬಿದ್ದ.

ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಒಂದು ಆಸೆ ಹುಟ್ಟಿತು. ವಿಭಾಗದ ಮಕ್ಕಳು ತಾವೇ ಬರೆದು ಹೊರತರುವ ‘ಪಾಯವಾಟ’ ಎಂಬ ಪತ್ರಿಕೆಯಿತ್ತು, ಹಾಗೆಂದರೆ ಕಾಲುದಾರಿ. ಪ್ರತಿ ವರ್ಷ ಅದರ ಮುಖಪುಟದಲ್ಲಿ ಒಳ್ಳೆಯ ವರದಿ ಬರೆದ ಒಬ್ಬರನ್ನು ನಾಸಿಕದ ದೈನಿಕವೊಂದು ಎರಡು ತಿಂಗಳ ತರಬೇತಿಗೆ ಕರೆದುಕೊಳ್ಳುತ್ತಿತ್ತು. ಆ ಜಾಗ ತನಗೇ ಬೇಕೆಂದು ಗುರುಪ್ರಸಾದ ಹಟ ಹಿಡಿದ. ತಮ್ಮ ಊರಿನ ಪತ್ರಿಕೆಯಲ್ಲಿ ತನ್ನ ಹೆಸರು ಅಚ್ಚಾದರೆ, ಪೇಢೆ ಸಿಗದೆ ಮರಳಿದ ನಾಲ್ಕೂ ಮನೆಯವರು ಅದನ್ನು ಚಹಾ ಕುಡಿಯುತ್ತ ಓದಬೇಕಾಗುತ್ತದಲ್ಲ ಎಂಬುದು ಅವನ ಲೆಕ್ಕಾಚಾರ. ಆ ಡಿಸೆಂಬರಿನಲ್ಲಿ ತಾಯಿ, “ಎಳ್ಳಮಾಸಿಗಿ ಬಾರೊ, ಭಜ್ಜಿ ಮಾಡ್ತೀನಿ” ಎಂದು ಕರೆದರೂ, ವರದಿ ಕೊಡುವ ದಿನ ಹತ್ತಿರ ಬಂದಿದೆ ಎಂದು ಹೋಗಲಿಲ್ಲ.

ಅಮಾವಾಸ್ಯೆಯ ಮರುದಿನ ಮುಂಜಾನೆ ಅವನು ತರಗತಿಯ ಗೆಳೆಯ ಉತ್ಕರ್ಷನ ಬೈಕಿನ ಹಿಂದೆ ಕೂತು ಸಿಲ್ಲೋಡಿಗೆ ಹೊರಟ. ಉತ್ಕರ್ಷ ಸಿಲ್ಲೋಡಿನ ಹತ್ತಿ ವ್ಯಾಪಾರಿಯ ಮಗ, ಒಳ್ಳೆಯ ಕ್ಯಾಮೆರಾ ಇಟ್ಟಿದ್ದ. ಮಾರುಕಟ್ಟೆಯಲ್ಲಿ ಹತ್ತಿ, ಮೆಕ್ಕೆಜೋಳದ ಧಾರಣೆಯ ಬಗ್ಗೆ ಬರೆಯುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಊರು ದಾಟಿದ ಮೇಲೆ ಸಿಲ್ಲೋಡ್ ರಸ್ತೆಯ ಪಕ್ಕದಲ್ಲಿ ಒಂದು ದೊಡ್ಡ ವಸತಿ ಕಟ್ಟಡ ಏಳುತ್ತಿತ್ತು. ಅಲ್ಲಿ ಉತ್ಕರ್ಷ ಚಹಾಕ್ಕೆಂದು ಬೈಕು ನಿಲ್ಲಿಸಿದ. ಗುರುಪ್ರಸಾದನ ಕಣ್ಣು ಕಟ್ಟಡದ ತಂತಿಬೇಲಿಯ ಬುಡಕ್ಕೆ ಹೋಯಿತು.

ಬೇಲಿಯ ಉದ್ದಕ್ಕೂ ಊಟ ಬಿದ್ದಿತ್ತು. ರೊಟ್ಟಿಯ ಚೂರು, ಅನ್ನ, ಹಸಿರೋ ಕಂದೋ ಹೇಳಲಾಗದ ಒಂದು ಮುದ್ದೆ, ಅದರ ಮೇಲೆ ಬಿಳಿ ಗಂಜಿಯಂಥದ್ದು. ಹತ್ತಿರ ಹೋದರೆ ಹುಳಿ ವಾಸನೆ. ಒಂದು ಕಡೆಯಲ್ಲ, ಜಾಗದ ಸುತ್ತಲೂ. ಇಷ್ಟು ಊಟವನ್ನು ಬಡವರು ಸುಮ್ಮನೆ ಎಸೆಯುತ್ತಾರೆಯೇ? ಗುತ್ತಿಗೆದಾರ ಹಳಸಿದ ಊಟ ಹಾಕಿದ್ದಾನೆ, ಕೂಲಿಗಳು ಸಿಟ್ಟಿನಿಂದ ಚೆಲ್ಲಿದ್ದಾರೆ! ಹತ್ತಿಯ ಧಾರಣೆ ಅವನ ತಲೆಯಿಂದ ಹಾರಿಹೋಯಿತು. ಉತ್ಕರ್ಷ ನೆಲಕ್ಕೆ ಮಂಡಿಯೂರಿ ಫೋಟೊ ತೆಗೆಯತೊಡಗಿದ.

ತಗಡಿನ ಗುಡಿಸಲುಗಳ ಮುಂದೆ ಇಬ್ಬರು ಹೆಂಗಸರು ಸಿಮೆಂಟಿನ ಬುಟ್ಟಿ ತೊಳೆಯುತ್ತಿದ್ದರು. ಗುರುಪ್ರಸಾದ ಬೇಲಿಯ ಆಚೆಯಿಂದಲೇ, ತನಗೆ ಬರುವ ಅತ್ಯಂತ ಶುದ್ಧ ಮರಾಠಿಯಲ್ಲಿ, ಇಲ್ಲಿ ನಿಮಗೆ ಊಟದ ವ್ಯವಸ್ಥೆ ಹೇಗಿದೆ ಎಂದು ಕೇಳಿದ. ಹಿರಿಯಳು ಅವನನ್ನು ಮೇಲಿನಿಂದ ಕೆಳಗೆ ನೋಡಿ, ತಿಳಿಯಲಿಲ್ಲವೆಂಬಂತೆ ಕೈಯಾಡಿಸಿದಳು. ಆಮೇಲೆ ಪಕ್ಕದವಳಿಗೆ ಹೇಳಿದಳು:

“ಈ ಹುಡುಗ ನಮ್ಮ ಕಡಿಯಾಂವ ಇದ್ದಂಗ ಕಾಣ್ತಾನ ನೋಡಬೇ.”

“ಅಲ್ಲ ಬಿಡಬೇ, ಮರಾಠಿ ಮಾತಾಡ್ತಾನ.”

ಗುರುಪ್ರಸಾದನಿಗೆ ಎರಡೂ ಮಾತು ಚೆನ್ನಾಗಿ ತಿಳಿದವು. ಕನ್ನಡ ಅವನಿಗೆ ತಿಳಿಯುತ್ತಿತ್ತು, ಮಾತಾಡಲು ಹೋದರೆ ಮಾತ್ರ ನಡುವೆ ಮರಾಠಿ ನುಗ್ಗಿ ಎಲ್ಲ ಕಲಸಿಹೋಗುತ್ತಿತ್ತು. ಮನೆಯಲ್ಲಿ ತಾಯಿ ಕನ್ನಡದಲ್ಲಿ ಕೇಳಿದರೆ ಅವನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ. ಅವನು ಕನ್ನಡದವನೆಂದು ಉತ್ಕರ್ಷನಿಗೆ ಗೊತ್ತೇ ಇರಲಿಲ್ಲ. ತಾನೇನೂ ಮುಚ್ಚಿಟ್ಟಿಲ್ಲ, ಹೇಳುವ ಸಂದರ್ಭ ಬರಲಿಲ್ಲ ಅಷ್ಟೇ ಎಂದು ಗುರುಪ್ರಸಾದ ಸಮಾಧಾನ ಮಾಡಿಕೊಂಡಿದ್ದ. ಮೂರು ವರ್ಷ ಸಂದರ್ಭ ಬಂದಿರಲಿಲ್ಲ. ಈಗ ಬಂತು, ಮತ್ತು ಅವನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡ.

“ಏನಂತೆ?” ಎಂದು ಉತ್ಕರ್ಷ ಕೇಳಿದ.

“ಮಾತಾಡಲು ಹೆದರುತ್ತಿದ್ದಾರೆ” ಎಂದ ಗುರುಪ್ರಸಾದ.

ವರದಿಯನ್ನು ಅವನು ಒಂದೇ ಉಸಿರಿಗೆ ಬರೆದ. ‘ಹಳಸಿದ ಅನ್ನ, ಬಾಯಿಲ್ಲದ ಬದುಕು’ ಎಂದು ತಲೆಬರಹ. ಹಸಿವು ಬಂತು, ಬೆವರು ಬಂತು, ಶೋಷಣೆ ಮೂರು ಸಲ ಬಂತು. ‘ಭಯದಿಂದ ಹೆಸರನ್ನೂ ಹೇಳದ ಕಾರ್ಮಿಕ ಮಹಿಳೆಯ ಕಣ್ಣುಗಳೇ ಎಲ್ಲವನ್ನೂ ಹೇಳುತ್ತಿದ್ದವು’ ಎಂಬ ಸಾಲು ಬರೆದಾಗ ಅವನ ಕಣ್ಣೇ ಒದ್ದೆಯಾಯಿತು. ಖರಾತ್ ಮೇಡಂ, “ಗುತ್ತಿಗೆದಾರನ ಕಡೆಯವರು ಏನು ಹೇಳಿದರು?” ಎಂದು ಕೇಳಿದಾಗ, ಅವರು ಸಿಗಲಿಲ್ಲ ಎಂದ. ಸಿಗಲಿಲ್ಲ ಎಂಬುದು ನಿಜವೇ, ಹುಡುಕಿದವರು ಯಾರು? ಮೇಡಂ ಆ ವಾರ ಮಗಳ ಮದುವೆಯ ಗಡಿಬಿಡಿಯಲ್ಲಿದ್ದರು, ಹೂಂ ಎಂದರು. ಸೋಮವಾರ ವರದಿ ಮುಖಪುಟದಲ್ಲಿ ಬಂತು. ಒಂದು ಸುದ್ದಿ ಜಾಲತಾಣ ಅದನ್ನು ಎತ್ತಿಕೊಂಡಿತು. ಮಂಗಳವಾರ ನಾಸಿಕದ ದೈನಿಕದಿಂದ ಮೇಡಂಗೆ ಫೋನು ಬಂದು, ಈ ವರ್ಷ ಈ ಹುಡುಗನನ್ನೇ ಕಳಿಸಿ ಎಂದರು. ಗುರುಪ್ರಸಾದ ಪುಟದ ಫೋಟೊವನ್ನು ಮನೆಗೆ, ನೆಂಟರಿಗೆ, ಮಾತು ಬಿಟ್ಟಿದ್ದ ಒಬ್ಬ ಹಳೆಯ ಗೆಳೆಯನಿಗೂ ಕಳಿಸಿದ.

ಬುಧವಾರ ತಾಯಿಯ ಫೋನು ಬಂತು.

“ಗುರು, ಫೋಟೊ ನೋಡ್ದೆ. ಭಾಳ ಚೊಲೋ ಬಂದದ.”

ಅದು ಉತ್ಕರ್ಷ ತೆಗೆದದ್ದು, ನೀನು ಬರೆದದ್ದನ್ನು ಓದು ಎಂದು ಅವನು ಮರಾಠಿಯಲ್ಲಿ ಹೇಳಿದ.

“ಓದ್ತೀನಿ ತಡಿ. ಭಜ್ಜಿ ಎಷ್ಟ ಹದಕ್ಕ ಬಂದದ ನೋಡು. ಅವರಿಕಾಳು, ಹಸಿಕಡ್ಲಿ, ಪುಂಡಿಪಲ್ಯ ಎಲ್ಲಾ ಕಾಣ್ತಾವ. ನಂದೇ ಈ ಸಲ ನೀರಾತು.”

ಯಾವ ಭಜ್ಜಿ ಎಂದ ಗುರುಪ್ರಸಾದ.

“ನೆಲದ ಮ್ಯಾಲ ಚರಗಾ ಚೆಲ್ಯಾರಲ್ಲ, ಅದ. ಮ್ಯಾಲ ಅಂಬಲಿನೂ ಹಾಕ್ಯಾರ. ನಮ್ಮ ಕಡಿ ಮಂದೀನ ಇರಬೇಕು. ಆದ್ರ ನೀ ಹಳಸಿದ ಊಟ ಅಂತ ಯಾಕ ಬರದಿ? ಅಮಾಸಿ ದಿನ ಯಾರ ಮನ್ಯಾಗ ಹಳಸಿದ್ದು ಇರ್ತದೊ?”

ಗುರುಪ್ರಸಾದ ಹಾಸಿಗೆಯ ಮೇಲೆ ಕೂತ. ಚರಗ ಅಂದರೇನು ಎಂದು ಕೇಳುವಾಗ ಅವನ ದನಿ ಇಳಿದಿತ್ತು. ತಾಯಿ ವಿವರಿಸಿದಳು. ಎಳ್ಳಮಾವಾಸ್ಯೆಯ ದಿನ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ರೊಟ್ಟಿ, ಅನ್ನ, ಅಂಬಲಿ ಎಲ್ಲ ಮಾಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಅನ್ನ ಕೊಡುವ ಭೂಮಿ ಮೊದಲು ಉಣ್ಣಬೇಕು, ಆಮೇಲೆ ಮನುಷ್ಯರು. ಅದಕ್ಕೆ ಹೊಲದ ಸುತ್ತ ನಡೆಯುತ್ತ ಊಟವನ್ನು ನೆಲಕ್ಕೆ ಚೆಲ್ಲುತ್ತಾರೆ.

“ನೀ ಎಲ್ಲಿ ನೋಡಬೇಕು? ನಾಸಿಕ್ ರೋಡದಾಗ ಮೂರನೇ ಮಾಳಿಗಿ ಮ್ಯಾಲ ನಾ ಚರಗಾ ಎಲ್ಲಿ ಚೆಲ್ಲಲಿ, ಕೆಳಗಿನವರ ತಲಿ ಮ್ಯಾಲ? ಭಜ್ಜಿ ಉಂಡು ಮಲ್ಕೊಳ್ಳೋದಷ್ಟ ಗೊತ್ತು ನಿನಗ.”

ಇಪ್ಪತ್ತು ವರ್ಷ ಸ್ಟೀಲಿನ ಬಟ್ಟಲಲ್ಲಿ ಉಂಡದ್ದನ್ನು ನೆಲದ ಮೇಲೆ ಕಂಡಾಗ ಅವನು ಗುರುತಿಸಲಿಲ್ಲ. ಶೋಷಣೆ ಎಂದು ಮೂರು ಸಲ ಬರೆದಿದ್ದ.

ಹಾಗಾದರೆ ಆಗಲೇ ಎದ್ದು ಮೇಡಂ ಬಳಿಗೆ ಓಡಿದನೇ? ಓಡಲಿಲ್ಲ. ಈ ಕತೆಯಲ್ಲಿ ಗುರುಪ್ರಸಾದನಿಗೆ ಹೇಳಲು ಅತಿ ಕಷ್ಟವಾಗುವ ಭಾಗ ಇದೇ. ಮರಾಠಿ ಓದುಗರಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡು ಬುಧವಾರ ಸುಮ್ಮನಿದ್ದ. ಗುರುವಾರ ನಾಸಿಕಕ್ಕೆ ಹೋಗಲು ಒಂದು ಹೊಸ ಅಂಗಿ ಕೊಂಡ.

ಶುಕ್ರವಾರ ಆ ಕಟ್ಟಡದ ಸುಪರ್‌ವೈಸರ್ ಜಯರಾಮ ‘ಪಾಯವಾಟ’ದ ಪ್ರತಿಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ವಿಭಾಗಕ್ಕೆ ಬಂದ. ಕಾರ್ಮಿಕ ಸಂಘಟನೆಯೊಂದರವರು ಜಾಲತಾಣದಲ್ಲಿ ಓದಿ ಮಾಲೀಕನಿಗೆ ಫೋನು ಮಾಡಿ ದಬಾಯಿಸಿದ್ದರು. ಮಾಲೀಕ ಕೆಂಡವಾಗಿದ್ದ.

“ಮೇಡಂ, ನಮ್ಮಲ್ಲಿ ಊಟವನ್ನೇ ಕೊಡುವುದಿಲ್ಲ. ಅವರೇ ಮಾಡಿಕೊಂಡು ಉಣ್ಣುತ್ತಾರೆ. ಹಳಸಿದ ಊಟ ಎಲ್ಲಿಂದ ಬರಬೇಕು?” ಎಂದ ಜಯರಾಮ. “ದೂರು ಹೇಳಿದ ಗುಂಪು ಬೇಡ, ಭಾನುವಾರ ಗುಡಿಸಲು ಖಾಲಿ ಮಾಡಿಸು ಎಂದಿದ್ದಾರೆ ಮಾಲೀಕರು. ಹದಿನಾಲ್ಕು ಕುಟುಂಬ. ತಾವು ಏನೂ ಹೇಳಿಲ್ಲ ಎಂದು ಅವರು ಆಣೆ ಮಾಡುತ್ತಾರೆ. ತಪ್ಪಾಯಿತೆಂದು ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಿ ಕೊಡಿ, ಮಾಲೀಕರಿಗೆ ತೋರಿಸುತ್ತೇನೆ. ಬೇರೆ ಮಾತು ಅವರು ಕೇಳುವುದಿಲ್ಲ.”

ಮೇಡಂ ಅಲ್ಲೇ ನಿಂತಿದ್ದ ಗುರುಪ್ರಸಾದನತ್ತ ತಿರುಗಿದರು. ಅವನು ತಲೆ ತಗ್ಗಿಸಿ ಭಜ್ಜಿಯ ವಿಷಯ ಹೇಳಿದ. ಬುಧವಾರವೇ ಗೊತ್ತಾಗಿತ್ತು ಎಂಬುದನ್ನೂ ಹೇಳಬೇಕಾಯಿತು.

“ಅಲ್ಲಿಗೆ ಹೋಗು, ಅವರನ್ನು ಕೇಳಿ ತಿಳಿದುಕೊಂಡು ಬಾ, ತಿದ್ದುಪಡಿ ಬರಿ” ಎಂದರು ಮೇಡಂ. ಅವರ ಸಿಟ್ಟು ಕೂಗಿನಲ್ಲಿ ಬಂದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಅವರು ಮೆಲ್ಲಗೆ ಮಾತಾಡಿದರು. “ತಪ್ಪು ನನ್ನದೂ ಇದೆ, ಪೂರ್ತಿ ಕೇಳದೆ ಹೂಂ ಅಂದೆ. ಆದರೆ ತಿದ್ದುಪಡಿ ಅಚ್ಚಾದರೆ ಅದನ್ನು ನಾಸಿಕಕ್ಕೂ ಕಳಿಸಬೇಕಾಗುತ್ತದೆ. ಅವರು ಏನು ಮಾಡುತ್ತಾರೆಂದು ನಿನಗೆ ಗೊತ್ತಿರಲಿ.”

ಹೊರಗೆ ಉತ್ಕರ್ಷ ಉಪಾಯ ಹೇಳಿಕೊಟ್ಟ. ಊಟ ಬಿದ್ದದ್ದು ಸುಳ್ಳಲ್ಲ, ಫೋಟೊ ಇದೆ. ‘ಕೆಲವರ ಭಾವನೆಗೆ ಧಕ್ಕೆಯಾಗಿದ್ದರೆ ವಿಷಾದಿಸುತ್ತೇವೆ’ ಎಂದು ಬರೆದರೆ ಸಾಕು, ತರಬೇತಿಯೂ ಉಳಿಯುತ್ತದೆ. ಆ ವಾಕ್ಯ ಗುರುಪ್ರಸಾದನಿಗೆ ಬಹಳ ಹಿಡಿಸಿತು. ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಅವನು ಶನಿವಾರ ಒಬ್ಬನೇ ಬಸ್ಸು ಹತ್ತಿದ.

ಅಲ್ಲಿ ಹೋಗಿ ನೋಡಿದರೆ ಅರ್ಧ ಗುಡಿಸಲುಗಳ ತಗಡು ಆಗಲೇ ಇಳಿದಿದ್ದವು. ಪಾತ್ರೆಗಳು ಗೋಣಿಚೀಲ ಸೇರಿದ್ದವು. ಅಂದು ಬುಟ್ಟಿ ತೊಳೆಯುತ್ತಿದ್ದ ಹಿರಿಯಳು ಈಗ ಹಾಸಿಗೆ ಸುತ್ತುತ್ತಿದ್ದಳು. ಅವಳ ಗಂಡ, ಗುಂಪಿನ ಮೇಸ್ತ್ರಿ ಸಾಯಬಣ್ಣ, ಯಾವುದೋ ಬೇರೆ ಕೆಲಸಕ್ಕಾಗಿ ಫೋನಿನಲ್ಲಿ ಯಾರನ್ನೋ ಬೇಡಿಕೊಳ್ಳುತ್ತಿದ್ದ. ಧಕ್ಕೆ, ವಿಷಾದ ಎಂಬ ಮಾತುಗಳು ಗುರುಪ್ರಸಾದನ ಬಾಯಲ್ಲೇ ಸತ್ತವು. ಅವನು ಬೇಲಿ ದಾಟಿ ಒಳಗೆ ಹೋದ.

“ಅವ್ವಾ… ನಂದು ಚೂಕ ಆಗ್ಯದರಿ, ತಪ್ಪಾಗ್ಯದ. ಪೇಪರದಾಗ ಬರದಾಂವ ನಾನೇ.”

ಹೆಂಗಸು ಸುತ್ತುವುದನ್ನು ನಿಲ್ಲಿಸಿದಳು. “ಕನ್ನಡ ಬರ್ತದ ನಿನಗ?”

“ಬರ್ತದ್ರಿ. ತೋಡಾ ತೋಡಾ.”

“ಅವತ್ತ ಬರ್ತಿದ್ದಿಲ್ಲೇನು?”

ಅವಳು ಅವನನ್ನು ಹಾಗೇ ನಿಲ್ಲಿಸಿ ಬೈದಳು. ಮನಸಾರೆ ಬೈದಳು, ಮತ್ತು ಅವನಿಗೆ ಪ್ರತಿಯೊಂದು ಬೈಗುಳವೂ ಅರ್ಥವಾಯಿತು. ಬೈದು ಮುಗಿದ ಮೇಲೆ ಅವನು ಟಿಪ್ಪಣಿ ಪುಸ್ತಕ ತೆಗೆದು, ಹೊಲವಲ್ಲದ ಈ ಜಾಗದಲ್ಲಿ ಚರಗ ಯಾಕೆ ಚೆಲ್ಲಿದಿರಿ ಎಂದು ತೊದಲುತ್ತ ಕೇಳಿದ.

“ಎಂಟು ತಿಂಗಳಾತು ಈ ನೆಲ ನಮಗ ಅನ್ನ ಹಾಕಾಕ ಹತ್ತಿ. ನಮ್ಮೂರಾಗ ನಮಗ ಹೊಲಾ ಇಲ್ಲ. ಇದ್ದದ್ದು ಇದ. ಇದಕ್ಕ ಉಣಸದ ನಾವು ಹ್ಯಾಂಗ ಉಣ್ಣೂಣು?”

ಅವನು ಬರೆದುಕೊಂಡ. ಊಟ ಯಾರು ಮಾಡುತ್ತಾರೆ, ಎಷ್ಟು ಜನ, ಯಾವ ಊರವರು, ಎಲ್ಲವನ್ನೂ ಕೇಳಿ ಬರೆದುಕೊಂಡ. ನಿಮ್ಮ ಹೆಸರು ಹಾಕುವುದಿಲ್ಲ, ಚಿಂತೆ ಬೇಡ ಎಂದಾಗ ಅವಳಿಗೆ ಮತ್ತೆ ಸಿಟ್ಟು ಬಂತು.

“ಯಾಕ ಹಾಕಂಗಿಲ್ಲ? ನಾ ಅಂಜಿ ಹೆಸರ ಹೇಳಿಲ್ಲಂತ ಬರದಿಯಂತ. ನೀ ಕೇಳಿದ್ದಿ ಏನು? ಬರಕೊ. ಸಕ್ರವ್ವ, ಗಂಡ ಸಾಯಬಣ್ಣ, ಕಲಬುರಗಿ ಜಿಲ್ಲಾ. ದಪ್ಪಗ ಬರಿ.”

ಸಂಜೆ ಅವನು ಬರೆದುಕೊಟ್ಟ ತಿದ್ದುಪಡಿ ಏಳು ಸಾಲಿನದು. ವರದಿ ಪೂರ್ತಿ ತಪ್ಪು; ಅಲ್ಲಿ ಯಾರೂ ಯಾರಿಗೂ ಊಟ ಕೊಡುವುದಿಲ್ಲ; ನೆಲದ ಮೇಲಿದ್ದದ್ದು ಎಳ್ಳಮಾವಾಸ್ಯೆಯ ಚರಗ; ಕಾರ್ಮಿಕರು ದೂರು ಕೊಟ್ಟಿಲ್ಲ; ಈ ವಿವರ ಕೊಟ್ಟವರು ಸಕ್ರವ್ವ. ವಾತಾವರಣ ಎಲ್ಲೂ ಇರಲಿಲ್ಲ. ಕೊನೆಯ ಸಾಲಿನ ಮೇಲೆ ಮೇಡಂ ಪೆನ್ನು ನಿಲ್ಲಿಸಿದರು: ‘ವರದಿಗಾರನಿಗೆ ಅವರ ಭಾಷೆ ಬರುತ್ತಿತ್ತು, ಆದರೂ ಅವನು ಕೇಳಲಿಲ್ಲ.’

“ತಿದ್ದುಪಡಿಯಲ್ಲಿ ಇದು ಬೇಕಿಲ್ಲ. ಓದುಗರಿಗೆ ಇದರಿಂದ ಏನು?”

“ಇರಲಿ ಮೇಡಂ. ಕೆಳಗೆ ನನ್ನ ಹೆಸರೂ ಇರಲಿ.”

ಮೇಡಂ ಸಾಲನ್ನು ಹಾಗೇ ಬಿಟ್ಟು, ಆ ರಾತ್ರಿಯೇ ‘ಪಾಯವಾಟ’ದ ವಿಶೇಷ ಹಾಳೆಯಾಗಿ ಅಚ್ಚಾಗಲೆಂದು ಕೊಟ್ಟರು. ಅಲ್ಲಿಯೇ ಕೂತು ನಾಸಿಕಕ್ಕೂ ಕಳಿಸಿದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಈ ಹುಡುಗ ಬೇಡ, ಫೋಟೊ ತೆಗೆದವನನ್ನು ಕಳಿಸಿ ಎಂದಿದ್ದರು. ಅವನ ಆಸೆ ಅಷ್ಟರಲ್ಲಿ ಮುಗಿಯಿತು. ಗುರುಪ್ರಸಾದನಿಗೆ ಅಳು ಬಂತು, ಶೌಚಾಲಯಕ್ಕೆ ಹೋಗಿ ಅತ್ತು ಬಂದ. ಹೊಸ ಅಂಗಿಯನ್ನು ಉತ್ಕರ್ಷನಿಗೆ ಕೊಡಲು ಹೋದರೆ ಅದು ಅವನಿಗೆ ಬಿಗಿಯಾಯಿತು.

ಭಾನುವಾರ ಮುಂಜಾನೆ ಅವನು ತಿದ್ದುಪಡಿ ಅಚ್ಚಾದ ಹಾಳೆ ಹಿಡಿದು ಸಿಲ್ಲೋಡ್ ರಸ್ತೆಗೆ ಹೋದ. ಸಾಮಾನು ಒಯ್ಯುವ ಟೆಂಪೊ ಬಂದು ನಿಂತಿತ್ತು. ಜಯರಾಮ ಹಾಳೆಯನ್ನು ಎರಡು ಸಲ ಓದಿ, ಫೋಟೊ ತೆಗೆದು ಮಾಲೀಕನಿಗೆ ಕಳಿಸಿ, ಫೋನು ಹಿಡಿದು ದೂರ ಹೋದ. ಹದಿನಾಲ್ಕು ಕುಟುಂಬದವರು ಗಂಟುಗಳ ಮೇಲೆ ಕೂತು ಅವನ ಬೆನ್ನನ್ನೇ ನೋಡುತ್ತಿದ್ದರು. ಗುರುಪ್ರಸಾದ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಟೆಂಪೊದ ಹಿಂದೆ ನಿಂತ. ತನ್ನ ಬರಹವನ್ನು ಒಬ್ಬ ಓದುಗ ಒಪ್ಪಲಿ ಎಂದು ಅವನು ಅಷ್ಟು ಬೇಡಿಕೊಂಡದ್ದು ಅದೇ ಮೊದಲು. ಜಯರಾಮ ತಿರುಗಿ ಬಂದು ಟೆಂಪೊದವನಿಗೆ, “ಹೋಗಪ್ಪ ನೀನು” ಎಂದ. ಸಾಯಬಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಯಾರೂ ಗುರುಪ್ರಸಾದನಿಗೆ ಉಪಕಾರವಾಯಿತು ಎನ್ನಲಿಲ್ಲ. ಯಾಕೆ ಅನ್ನಬೇಕು? ಇಳಿಸಿದ ತಗಡುಗಳನ್ನೆಲ್ಲ ಮತ್ತೆ ಏರಿಸಬೇಕಿತ್ತು, ಎಲ್ಲರೂ ಆ ಕೆಲಸಕ್ಕೆ ಎದ್ದರು. ಅವನೂ ಹೋಗಿ ಸಕ್ರವ್ವನ ಗುಡಿಸಲಿನ ತಗಡಿನ ಒಂದು ಅಂಚು ಹಿಡಿದ. ಹಿಡಿದ ರೀತಿ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಮೇಲೆ ಹಗ್ಗ ಬಿಗಿಯುತ್ತಲೇ ಕೇಳಿದಳು:

“ನಿನ್ನ ಹೆಸರೇನಪ್ಪ?”

“ಗುರುಪ್ರಸಾದ್ರಿ.”

“ಯಾರ ಮಗ? ಯಾವೂರು?”

“ವೈಜನಾಥ ಅವರ ಮಗರಿ. ಭಾಲ್ಕಿ. ಈಗ ನಾಸಿಕ್ ರೋಡದಾಗ ಇರ್ತೀವಿ.”

“ಅವ್ವ ಅದಾಳ?”

“ಅದಾಳ್ರಿ.”

“ಅಮಾಸಿಗಿ ಯಾಕ ಹೋಗಿಲ್ಲ ಮತ್ತ ಊರಿಗಿ?”

ಪೇಪರಿನಲ್ಲಿ ಬರೆಯುವುದಿತ್ತು, ಅದಕ್ಕೆ ಹೋಗಲಿಲ್ಲ ಎಂದು ಅವನು ಕನ್ನಡದಲ್ಲೇ ಹೇಳಿದ. ಸಕ್ರವ್ವ ಹಗ್ಗದ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದಳು.

“ನೋಡು, ಮಂದೀನ ಕೇಳೋದು ಅಂದ್ರ ಇಷ್ಟ ಇರ್ತದ. ಏನ್ ಭಾಳ ತ್ರಾಸಿಲ್ಲ” ಎಂದಳು. “ಈಗ ಆ ಕಡಿ ಹೋಗಿ ಇನ್ನೊಂದು ಅಂಚು ಹಿಡಿ.”

ಅವನು ಹೋಗಿ ಹಿಡಿದ.